ಸೊಳ್ಳೆ ಹೊಡೆದರೆ ಕೆಂಪು, ಜಿರಲೆ ಹೊಡೆದರೆ ಬಿಳಿ: ಯಾಕೆ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು. ಮೊನ್ನೆ ರಾತ್ರಿ ಸೊಳ್ಳೆ ಹೊಡೆದಳು, ಅಂಗೈಗೆ ಕೆಂಪು ರಕ್ತ ಅಂಟಿತು. ಮಾರನೇ ದಿನ ನಾನು ಅಡುಗೆಮನೆಯಲ್ಲಿ ಜಿರಲೆ ಹೊಡೆದೆ, ಬೆಳ್ಳಗೆ ಏನೋ ಬಂತು. ‘ಜಿರಲೆಗೆ ರಕ್ತ ಇಲ್ವಾ ಅಮ್ಮಾ?’ ಅಂದಳು. ಆಮೇಲೆ ತಾತನ ಕೈ ಹಿಡಿದು ‘ರಕ್ತ ಕೆಂಪು ಅಂದ್ರೆ ನರ ಯಾಕೆ ಹಸಿರು?’ ಅಂದಳು. ನನಗೆ ಎರಡಕ್ಕೂ ಉತ್ತರ ಗೊತ್ತಿಲ್ಲ. ನಮ್ಮ ಹಸುವಿನ ಕತ್ತಿನಲ್ಲೂ ಇತ್ತೀಚೆಗೆ ಒಂದು ನರ ಹೊಡೆದುಕೊಳ್ಳುವುದು ಕಾಣುತ್ತಿದೆ. ಹಸುವಿಗೂ ನಮ್ಮ ಥರಾನೇ ಹೃದಯ ಇರುತ್ತದಾ? ಎಲ್ಲಾ ಪ್ರಾಣಿಗಳಲ್ಲೂ ರಕ್ತ ಒಂದೇ ರೀತಿ ಓಡುತ್ತದಾ?

ಉತ್ತರ: ಅಮ್ಮಾ, ಮೊದಲು ಹಸುವಿನ ವಿಷಯ ಮುಗಿಸೋಣ. ಮಗಳ ಪ್ರಶ್ನೆಗಳು ಸ್ವಲ್ಪ ಹೊತ್ತು ಕಾಯುತ್ತವೆ, ಹಸುವಿನದು ಕಾಯುವ ವಿಷಯ ಅಲ್ಲದೇ ಇರಬಹುದು.

ಹಸುವಿನ ಕತ್ತಿನ ಎರಡೂ ಪಕ್ಕ, ಗಂಟಲಿನ ಕೊಳವೆಯ ಮಗ್ಗುಲ ತಗ್ಗಿನಲ್ಲಿ, ಹೆಬ್ಬೆರಳು ದಪ್ಪದ ಒಂದೊಂದು ರಕ್ತನಾಳ ಇದೆ. ನಾವು ಬಾಟಲಿ ಏರಿಸುವುದು ಅದಕ್ಕೇ. ತಲೆಗೆ ಹೋದ ರಕ್ತ ಹೃದಯಕ್ಕೆ ವಾಪಸ್ ಬರುವ ದಾರಿ ಅದು. ಹಸು ತಲೆ ಎತ್ತಿ ಆರಾಮಾಗಿ ನಿಂತಾಗ ಕತ್ತಿನ ಬುಡದಲ್ಲಿ, ಅಂದರೆ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಅದು ಸಣ್ಣಗೆ ಅಲುಗುವುದು ಸಹಜ. ಹೆದರಬೇಡಿ. ಆದರೆ ಆ ಬಡಿತ ದವಡೆಯ ಕಡೆಗೆ ಏರುತ್ತಿದ್ದರೆ, ಅಥವಾ ನಾಳ ಹಗ್ಗದ ಹಾಗೆ ಉಬ್ಬಿ ನಿಂತಿದ್ದರೆ, ಇವತ್ತೇ ನಿಮ್ಮೂರಿನ ಪಶುವೈದ್ಯರನ್ನು ಕರೆಸಿ.

ಅವರು ಬರುವಷ್ಟರಲ್ಲಿ ನೀವೇ ಒಂದು ನೋಡಬಹುದು. ಕತ್ತಿನ ಬುಡದಲ್ಲಿ ಆ ನಾಳವನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿಯಿರಿ. ಮೇಲಿನ ಬಡಿತ ನಿಂತುಹೋದರೆ ಅದು ಹೃದಯದಿಂದ ಹಿಮ್ಮುಖವಾಗಿ ಬರುತ್ತಿರುವ ಬಡಿತ. ನಿಲ್ಲದೇ ಇದ್ದರೆ, ಒಳಗೆ ಆಳದಲ್ಲಿರುವ ಇನ್ನೊಂದು ನಾಳದ ಬಡಿತ ಚರ್ಮದ ಮೇಲೆ ಕಾಣುತ್ತಿದೆ ಅಷ್ಟೇ. ಜೊತೆಗೆ ಗಂಗೆದೊಗಲು ಅಥವಾ ದವಡೆಯ ಕೆಳಗೆ ನೀರು ತುಂಬಿದ ಹಾಗೆ ಬಾವು ಇದೆಯಾ? ಹಾಲು ದಿಢೀರ್ ಇಳಿದಿದೆಯಾ? ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ ನಿಲ್ಲುತ್ತದಾ? ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದಾ? ಇದನ್ನೆಲ್ಲ ಡಾಕ್ಟರಿಗೆ ಹೇಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮಿಶ್ರತಳಿ ಹಸು ನೋಡಲು ಹೋಗಿದ್ದೆ. ಕತ್ತಿನ ನಾಳ ದವಡೆವರೆಗೂ ಉಬ್ಬಿತ್ತು. ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟೆ. ಲಬ್ ಡಬ್ ಕೇಳಬೇಕಾದ ಕಡೆ, ಅರ್ಧ ತುಂಬಿದ ಬಿಂದಿಗೆ ಅಲ್ಲಾಡಿಸಿದ ಹಾಗೆ ಗುಳುಗುಳು ಸದ್ದು. ಹಸು ಉಳಿಯಲಿಲ್ಲ. ಶವಪರೀಕ್ಷೆ ಮಾಡಿದಾಗ ಹೃದಯದ ಸುತ್ತಲಿನ ಚೀಲದ ತುಂಬಾ ಕೀವು ಇತ್ತು. ಅದರೊಳಗೆ ಬೆರಳುದ್ದದ ಒಂದು ಬೈಂಡಿಂಗ್ ವೈರು, ಕಪ್ಪಗೆ ತುಕ್ಕು ಹಿಡಿದು ಕೂತಿತ್ತು. ಆ ಮನೆಯವರು ಹಿಂದಿನ ವರ್ಷ ಮನೆ ಕಟ್ಟಿಸಿದ್ದರು. ಮೇವಿನ ಜೊತೆ ವೈರು ಒಳಗೆ ಹೋಗಿದೆ. ಹಸು ಅಗಿಯದೆ ಗಬಗಬ ನುಂಗುವ ಪ್ರಾಣಿ. ನುಂಗಿದ ಕಬ್ಬಿಣ ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ಉಳಿಯುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ಕೆಲವೇ ಸೆಂಟಿಮೀಟರ್, ಒಂದು ತೆಳು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ. ಹೊಟ್ಟೆ ಹಿಂಡಿಕೊಂಡ ಹಾಗೆಲ್ಲಾ ಚೂಪು ತುದಿ ಮುಂದಕ್ಕೆ ಸರಿಯುತ್ತದೆ.

ಕೀವು ತುಂಬಿದ ಚೀಲದೊಳಗೆ ಸಿಕ್ಕ ಹೃದಯ ಸರಿಯಾಗಿ ಅರಳಲಾರದು. ಅರಳದಿದ್ದರೆ ವಾಪಸ್ ಬರುವ ರಕ್ತಕ್ಕೆ ಜಾಗ ಇಲ್ಲ. ಮೋರಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಲ್ಲುತ್ತದೆ ಅಲ್ವಾ, ಹಾಗೆ ರಕ್ತ ಕತ್ತಿನ ನಾಳದಲ್ಲಿ ನಿಲ್ಲುತ್ತದೆ. ನಾಳದೊಳಗೆ ಒತ್ತಡ ಜಾಸ್ತಿಯಾಗಿ ನೀರಿನಂಶ ಹೊರಕ್ಕೆ ಜಿನುಗಿ ಗಂಗೆದೊಗಲಲ್ಲಿ ಸೇರುತ್ತದೆ. ಕತ್ತಿನ ನಾಳ ನೋಡಿದರೆ ಹೃದಯದ ಕಷ್ಟ ಗೊತ್ತಾಗುವುದು ಹೀಗೆ. ಈ ಹಂತ ತಲುಪಿದ ಮೇಲೆ ಉಳಿಸುವುದು ತುಂಬಾ ಕಷ್ಟ. ಮುಂಚೆಯೇ ಹೊಟ್ಟೆಯೊಳಗೆ ಅಯಸ್ಕಾಂತದ ಗುಳಿಗೆ ಬಿಟ್ಟರೆ ಕಬ್ಬಿಣ ಅದಕ್ಕೆ ಅಂಟಿಕೊಂಡು ಅಲ್ಲೇ ಇರುತ್ತದೆ. ಮನೆ ಕಟ್ಟುವ ಜಾಗದ ಪಕ್ಕ ಹಸು ಕಟ್ಟುವವರು ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು.

ಇನ್ನು ಮಗಳ ಪ್ರಶ್ನೆಗೆ ಬರುತ್ತೇನೆ. ಸೊಳ್ಳೆ ಹೊಡೆದಾಗ ಅವಳ ಅಂಗೈಗೆ ಅಂಟಿದ ಕೆಂಪು ಸೊಳ್ಳೆಯದಲ್ಲ. ಅದು ಅವಳದ್ದೋ, ನಿಮ್ಮದೋ, ತಾತನದ್ದೋ. ಹೆಣ್ಣು ಸೊಳ್ಳೆಗೆ ಮೊಟ್ಟೆ ಬೆಳೆಸಲು ರಕ್ತ ಬೇಕು. ಒಂದು ಸಲಕ್ಕೆ ಎರಡು ಮೂರು ಮಿಲಿಗ್ರಾಂ ಹೀರಿ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಗಂಡು ಸೊಳ್ಳೆ ರಕ್ತ ಕುಡಿಯುವುದೇ ಇಲ್ಲ, ಅದನ್ನು ಹೊಡೆದರೆ ಕೆಂಪೂ ಬರುವುದಿಲ್ಲ. ಸೊಳ್ಳೆಯ ಸ್ವಂತ ರಕ್ತಕ್ಕೆ ಹೆಚ್ಚುಕಮ್ಮಿ ಬಣ್ಣವೇ ಇಲ್ಲ, ಜಿರಲೆಯದ್ದೂ ಹಾಗೇ. ನೀವು ನೋಡಿದ ಬೆಳ್ಳಗಿನ ವಸ್ತುವಿನಲ್ಲಿ ಜಾಸ್ತಿ ಇದ್ದದ್ದು ಅದರ ಕೊಬ್ಬು. ರಕ್ತ ಅದರ ಜೊತೆ ತಿಳಿಯಾಗಿ ಬೆರೆತಿತ್ತು.

ಹಾಗಾದರೆ ನಮ್ಮ ರಕ್ತ ಯಾಕೆ ಕೆಂಪು? ಹಿಮೋಗ್ಲೋಬಿನ್ ಅನ್ನುವ ಪದಾರ್ಥದಿಂದ. ಅದರ ಒಂದೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣು ಇರುತ್ತವೆ. ಪುಪ್ಪುಸದಲ್ಲಿ, ಅಂದರೆ ಶ್ವಾಸಕೋಶದಲ್ಲಿ, ಆಮ್ಲಜನಕವನ್ನು ಹಿಡಿದುಕೊಂಡು, ಬೇಕಾದ ಕಡೆ ಬಿಟ್ಟುಕೊಡುವುದು ಇದರ ಕೆಲಸ. ಜಿರಲೆಗೆ ಈ ಏರ್ಪಾಟೇ ಬೇಕಿಲ್ಲ. ಅದರ ಮೈಯ ಎರಡೂ ಪಕ್ಕ ಸೇರಿ ಹತ್ತು ಜೊತೆ ಸಣ್ಣ ತೂತುಗಳಿವೆ. ಅಲ್ಲಿಂದ ಒಳಗೆ ಕವಲೊಡೆದ ಗಾಳಿಕೊಳವೆಗಳು ಪ್ರತಿಯೊಂದು ಮೂಲೆಗೂ ಗಾಳಿಯನ್ನು ನೇರವಾಗಿ ಮುಟ್ಟಿಸುತ್ತವೆ. ರಕ್ತ ಹೊರುವುದು ಆಹಾರದ ಸತ್ವವನ್ನು, ಕಸವನ್ನು ಮಾತ್ರ. ಜಿರಲೆಗೂ ಹೃದಯ ಇದೆ. ಬೆನ್ನಿನುದ್ದಕ್ಕೂ ಕೊಳವೆ ಥರ, ಸಾಲಾಗಿ ಹದಿಮೂರು ಕೋಣೆ. ಅದು ರಕ್ತವನ್ನು ತಲೆಯ ಕಡೆ ತಳ್ಳುತ್ತದೆ. ಅಲ್ಲಿಂದ ಮುಂದೆ ನಾಳವೇ ಇಲ್ಲ, ರಕ್ತ ಒಳಗಿನ ಖಾಲಿ ಜಾಗಕ್ಕೆ ಹರಿದು ಅಂಗಾಂಗಗಳನ್ನು ತೋಯಿಸುತ್ತಾ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಒತ್ತಡವೂ ಇಲ್ಲ, ಅವಸರವೂ ಇಲ್ಲ. ಜಿರಲೆಯ ತಲೆ ಹೋದರೂ ನಮ್ಮ ಹಾಗೆ ರಕ್ತ ಚಿಮ್ಮಿ ಸಾಯದೆ ಕೆಲವು ದಿನ ಬದುಕಿರುವುದಕ್ಕೆ ಇದೂ ಒಂದು ಕಾರಣ.

ಎರೆಹುಳು ನೋಡಿದ್ದೀರಲ್ಲ, ಗೊಬ್ಬರದ ಗುಂಡಿಯಲ್ಲಿ. ಅದರ ರಕ್ತ ಕೆಂಪೇ. ಅದರಲ್ಲೂ ಹಿಮೋಗ್ಲೋಬಿನ್ ಇದೆ, ಆದರೆ ಕಣಗಳ ಒಳಗಲ್ಲ, ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ರಕ್ತದಲ್ಲೇ ಕರಗಿರುತ್ತದೆ. ಗದ್ದೆಯ ಏಡಿ, ಸಮುದ್ರದ ಸಿಗಡಿ ಇವುಗಳಲ್ಲಿ ಕಬ್ಬಿಣದ ಬದಲು ತಾಮ್ರ ಆ ಕೆಲಸ ಮಾಡುತ್ತದೆ. ಆಮ್ಲಜನಕ ಸೇರಿದಾಗ ಅವುಗಳ ರಕ್ತ ತಿಳಿ ನೀಲಿ. ಆಕ್ಟೋಪಸ್ಸಿನದ್ದೂ ನೀಲಿ, ಅದಕ್ಕೆ ಮೂರು ಹೃದಯ ಬೇರೆ: ಎರಡು ಕಿವಿರುಗಳಿಗೆ, ಒಂದು ಉಳಿದ ಮೈಗೆ. ಅಂಟಾರ್ಕ್ಟಿಕಾದ ಮಂಜಿನ ನೀರಿನಲ್ಲಿ ಬದುಕುವ ಒಂದು ಗುಂಪಿನ ಮೀನುಗಳಿಗಂತೂ ಹಿಮೋಗ್ಲೋಬಿನ್ನೇ ಇಲ್ಲ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ, ಅವುಗಳಿಗೆ ಅಷ್ಟೇ ಸಾಕಾಗುತ್ತದೆ. ಹಾಗಾಗಿ ‘ಕೆಂಪಗಿದ್ದರೆ ಮಾತ್ರ ರಕ್ತ’ ಅಂತ ಮಗಳಿಗೆ ಹೇಳಿಕೊಡಬೇಡಿ. ಮೈಯ ಮೂಲೆಮೂಲೆಗೂ ಬೇಕಾದ್ದನ್ನು ಮುಟ್ಟಿಸಿ, ಬೇಡದ್ದನ್ನು ಎತ್ತಿಕೊಂಡು ಬರುವುದು ರಕ್ತದ ಕೆಲಸ. ಯಾವ ಪ್ರಾಣಿಗೆ ಎಷ್ಟು ಬೇಗ, ಎಷ್ಟು ದೂರ ಮುಟ್ಟಿಸಬೇಕೋ ಅದರ ಮೇಲೆ ಬಣ್ಣ, ಹೃದಯ, ನಾಳ ಎಲ್ಲವೂ ನಿಂತಿದೆ.

ಹಸುವಿಗೆ ನಮ್ಮ ಥರಾನೇ ಹೃದಯ ಇದೆಯಾ ಅಂದಿರಿ. ಇದೆ, ನಾಲ್ಕು ಕೋಣೆಯದ್ದೇ. ನಿಮ್ಮ ಮನೆಯಲ್ಲಿ ಮಾಂಸ ತರುವ ಅಭ್ಯಾಸ ಇದ್ದರೆ, ಮಟನ್ ಅಂಗಡಿಯಲ್ಲಿ ಒಂದು ಇಡೀ ಗುಂಡಿಗೆ ಕೊಡಿ ಅಂತ ಕೇಳಿ. ಅಡ್ಡಲಾಗಿ ಕೊಯ್ದು ಮಗಳಿಗೆ ತೋರಿಸಿ. ಕೆಳಗಿನ ಎರಡು ಕೋಣೆಯಲ್ಲಿ ಬಲಗಡೆಯ ಗೋಡೆ ತೆಳು. ಎಡಗಡೆಯದು ಅದರ ಎರಡು ಮೂರು ಪಟ್ಟು ದಪ್ಪ. ಬೆರಳಿನಲ್ಲಿ ಹಿಸುಕಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಬಲಗಡೆ ತಳ್ಳುವುದು ಪಕ್ಕದಲ್ಲೇ ಇರುವ ಪುಪ್ಪುಸಕ್ಕೆ. ಎಡಗಡೆ ತಳ್ಳುವುದು ತಲೆಯಿಂದ ಗೊರಸಿನವರೆಗೆ ಇಡೀ ಮೈಗೆ. ನಮ್ಮಲ್ಲಿ ಬಿಪಿ 120 ಅನ್ನುವುದು ಎಡಗಡೆಯ ಲೆಕ್ಕ. ಪುಪ್ಪುಸದ ಕಡೆ ಅದು ಸುಮಾರು 25 ಮಾತ್ರ. ಅಲ್ಲಿನ ನಾಳಗಳು ಎಷ್ಟು ನಾಜೂಕು ಅಂದರೆ 120ರ ಒತ್ತಡ ಬಿದ್ದರೆ ನೀರು ಜಿನುಗಿ ಉಸಿರಾಟವೇ ಕಟ್ಟಿಹೋಗುತ್ತದೆ. ಒಂದೇ ಹೃದಯದಲ್ಲಿ ಅಕ್ಕಪಕ್ಕ ಎರಡು ಪಂಪು, ಎರಡು ಬೇರೆ ಒತ್ತಡ. ಇಪ್ಪತ್ತೈದು ವರ್ಷದಿಂದ ಹೃದಯಗಳನ್ನು ಕೊಯ್ದು ನೋಡುತ್ತಿದ್ದೇನೆ, ಈ ಗೋಡೆಗಳ ಮುಂದೆ ನನಗೆ ಈಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ದನದ ಹೃದಯದಲ್ಲಿ ಇನ್ನೊಂದು ವಿಶೇಷ ಇದೆ: ಕವಾಟಗಳ ಬುಡದಲ್ಲಿ ಎರಡು ಪುಟ್ಟ ಎಲುಬು. ಮೊದಲ ಸಲ ನನ್ನ ಚಾಕು ಅದಕ್ಕೆ ತಾಗಿ ಕರ್ ಅಂದಾಗ ಏನೋ ಕಲ್ಲು ಸಿಕ್ಕಿತು ಅಂದುಕೊಂಡಿದ್ದೆ.

ಮೀನಿಗೆ ಎರಡೇ ಕೋಣೆ. ಹೃದಯದಿಂದ ಹೊರಟ ರಕ್ತ ಕಿವಿರಿಗೆ ಹೋಗಿ, ಅಲ್ಲಿಂದ ನೇರವಾಗಿ ಮೈಗೆ ಹೋಗಿ, ವಾಪಸ್ ಬರುತ್ತದೆ. ಕಿವಿರು ದಾಟುವಷ್ಟರಲ್ಲಿ ರಭಸ ಇಳಿದಿರುತ್ತದೆ. ಕಪ್ಪೆಗೆ ಮೂರು ಕೋಣೆ, ಒಳ್ಳೆಯ ರಕ್ತ, ಬಳಸಿದ ರಕ್ತ ಸ್ವಲ್ಪ ಬೆರೆಯುತ್ತದೆ. ಆದರೆ ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಡೆದುಹೋಗುತ್ತದೆ. ಹಲ್ಲಿ, ಹಾವುಗಳಲ್ಲಿ ನಡುವೆ ಅರೆಬರೆ ಗೋಡೆ. ಮೊಸಳೆ, ಹಕ್ಕಿಗಳು, ನಾವು ನಾಲ್ಕು ಕೋಣೆಯವರು. ಹಕ್ಕಿಗೂ ನಮಗೂ ಮೈ ಬಿಸಿಯಾಗಿಡಲು ಸದಾ ಇಂಧನ ಬೇಕು, ಬೆರಕೆ ರಕ್ತ ಸಾಲದು.

ಪ್ರಾಣಿ ಚಿಕ್ಕದಾದಷ್ಟೂ ಬಡಿತ ಜೋರು. ಇಲಿಮರಿಯಷ್ಟು ಸಣ್ಣ ಸುಂಡಿಲಿಯದ್ದು ನಿಮಿಷಕ್ಕೆ 500 ದಾಟುತ್ತದೆ. ಕೋಳಿಯದ್ದು 250ರಿಂದ 300. ನಮ್ಮದು ಸುಮಾರು 70, ಹಸುವಿನದ್ದು 60ರಿಂದ 80, ಆನೆಯದ್ದು 30ರ ಆಸುಪಾಸು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ನೀಲಿ ತಿಮಿಂಗಿಲದ ಮೈಗೆ ಯಂತ್ರ ಅಂಟಿಸಿ ಅಳೆದ ಫಲಿತಾಂಶ 2019ರಲ್ಲಿ ಬಂತು. ಆಳಕ್ಕೆ ಮುಳುಗಿದಾಗ ನಿಮಿಷಕ್ಕೆ ಎರಡೇ ಬಡಿತದವರೆಗೂ ಇಳಿದಿತ್ತು. ಮೇಲೆ ಬಂದು ಉಸಿರು ತೆಗೆದುಕೊಂಡಾಗ 37ರವರೆಗೆ ಏರಿತ್ತು.

ಮನುಷ್ಯನ ಮೈಯಲ್ಲಿ ರಕ್ತ ಸುಮಾರು ಐದು ಲೀಟರ್. ಹೃದಯ ಒಂದು ನಿಮಿಷಕ್ಕೆ ತಳ್ಳುವುದೂ ಹೆಚ್ಚುಕಮ್ಮಿ ಅಷ್ಟೇ. ದಿನಕ್ಕೆ ಒಂದು ಲಕ್ಷ ಬಡಿತ, ಏಳು ಸಾವಿರ ಲೀಟರ್. 400 ಕಿಲೋ ತೂಕದ ಹಸುವಿನಲ್ಲಿ ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು ಲೀಟರ್ ರಕ್ತ ಇರುತ್ತದೆ. ನೀವು ಹಾಲು ಕರೆಯುವವರು, ಆದ್ದರಿಂದ ಇದೊಂದು ಲೆಕ್ಕ ತಿಳಿದಿರಲಿ: ಒಂದು ಲೀಟರ್ ಹಾಲು ಆಗಬೇಕಾದರೆ ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹರಿಯಬೇಕು. ಹತ್ತು ಲೀಟರ್ ಕೊಡುವ ಹಸುವಿಗೆ ನಾಲ್ಕೈದು ಸಾವಿರ ಲೀಟರ್! ದನದ ಜಾತ್ರೆಯಲ್ಲಿ ಹಿರಿಯರು ಹೊಟ್ಟೆಯ ಅಡಿ ಹಾವಿನ ಹಾಗೆ ಹರಿದ ಹಾಲುನರ ಮುಟ್ಟಿ ನೋಡುವುದು ಸುಮ್ನೆ ಅಲ್ಲ. ಕೆಚ್ಚಲಿಗೆ ಹೋದ ರಕ್ತ ವಾಪಸ್ ಬರುವ ದಾರಿಗಳಲ್ಲಿ ಅದೊಂದು. ಹಸುವಿಗೆ ಏನೇ ಕಾಯಿಲೆ ಬಂದರೂ ಹಾಲು ಬೇಗನೆ ಇಳಿಯುವುದಕ್ಕೂ ಈ ಹರಿವೇ ಒಂದು ಕಾರಣ.

ರಕ್ತ ಒಂದೇ ಥರಾನಾ ಅನ್ನುವುದಕ್ಕೆ ಇನ್ನೊಂದು ಸಂಗತಿ. ಸಾಸಿವೆ ಕಾಳಿಗಿಂತ ಚಿಕ್ಕ ಹನಿಯಲ್ಲಿ, ಅಂದರೆ ಒಂದು ಘನ ಮಿಲಿಮೀಟರಿನಲ್ಲಿ, ನಮ್ಮ ಕೆಂಪು ಕಣಗಳು ಸುಮಾರು 50 ಲಕ್ಷ. ಒಂದೊಂದರ ಆಯಸ್ಸು 120 ದಿನ. ಕೋಳಿಯ ಕಣ ತಿಂಗಳು ಬದುಕಿದರೆ ಹೆಚ್ಚು. ಮೈಕ್ರೋಸ್ಕೋಪಿನಲ್ಲಿ ಕೋಳಿ ರಕ್ತ ಇಟ್ಟರೆ ಪ್ರತಿ ಕಣದ ನಡುವೆ ಬೀಜದ ಹಾಗೆ ಒಂದು ಕೇಂದ್ರ ಕಾಣುತ್ತದೆ. ಹಸುವಿನ ಕಣದಲ್ಲಿ, ನಮ್ಮ ಕಣದಲ್ಲಿ ಅದು ಇಲ್ಲ. ಆ ಜಾಗಕ್ಕೂ ಹಿಮೋಗ್ಲೋಬಿನ್ ತುಂಬಿದೆ.

ಈ ಕಣಗಳು ಹಾಳಾದರೆ ಏನಾಗುತ್ತದೆ ಅನ್ನುವುದನ್ನು ಉಣ್ಣೆ ಜ್ವರದಲ್ಲಿ ನೋಡುತ್ತೇವೆ. ಉಣ್ಣೆ ಕಚ್ಚಿದಾಗ ಒಂದು ಸಣ್ಣ ಪರಾವಲಂಬಿ ಕೆಂಪು ಕಣದೊಳಗೆ ಸೇರಿ ಒಡೆದುಹಾಕುತ್ತದೆ. ಹಸು ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಮಾಡುತ್ತದೆ. ಅಂಥ ಒಂದು ಹಸುವಿನ ಕಣ್ಣುರೆಪ್ಪೆ ಬಿಡಿಸಿ ನೋಡಿದೆ, ಒಳಗೆ ಗುಲಾಬಿ ಇರಬೇಕಾದ್ದು ಸುಣ್ಣದ ಗೋಡೆ ಥರ ಇತ್ತು. ಔಷಧಿ ಕೊಟ್ಟೆ, ಆದರೆ ಅದು ಕೆಲಸ ಮಾಡುವವರೆಗೆ ಹಸು ಉಳಿಯಬೇಕಲ್ಲ. ಪಕ್ಕದ ಮನೆಯ ಅಜ್ಜಿ ‘ನಮ್ಮದರಿಂದ ತಗೊಳಿ’ ಅಂದರು. ಅವರ ಹಸುವಿನಿಂದ ನಾಲ್ಕು ಲೀಟರ್ ರಕ್ತ ತೆಗೆದೆವು, ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಸೇರಿಸಿ ನಿಧಾನವಾಗಿ ಏರಿಸಿದೆವು. ಮುಂಜಾನೆ ಹಸು ಕಿವಿ ಆಡಿಸಿತು, ಒಂದು ಹಿಡಿ ಹುಲ್ಲು ತಿಂದಿತು. ಅಜ್ಜಿ ಅತ್ತರು, ನಾನೂ ಅತ್ತೆ.

ಮನುಷ್ಯರಿಗೆ ಹೀಗೆ ಗುಂಪು ನೋಡದೆ ಕೊಟ್ಟರೆ ಪ್ರಾಣ ಹೋದೀತು. ನಮ್ಮ ಎ, ಬಿ, ಓ ಗುಂಪುಗಳನ್ನು 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಗುರುತಿಸಿದರು. ದನಗಳಲ್ಲಿ ಹನ್ನೊಂದು ರಕ್ತಗುಂಪಿನ ವ್ಯವಸ್ಥೆಗಳಿವೆ, ಆದರೂ ಮೊದಲ ಸಲ ಕೊಟ್ಟ ರಕ್ತವನ್ನು ಅವು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತವೆ. ಕೆಲವು ದಿನ ಬಿಟ್ಟು ಮತ್ತೆ ಕೊಡುವುದು ಅಪಾಯ, ಅಷ್ಟರಲ್ಲಿ ಮೈ ಅದರ ವಿರುದ್ಧ ತಯಾರಾಗಿರುತ್ತದೆ.

ಕೊನೆಗೆ ತಾತನ ಕೈ. ಕನ್ನಡದಲ್ಲಿ ನಾವು ರಕ್ತ ಹರಿಯುವುದನ್ನೂ ನರ ಅಂತೀವಿ, ಮೆದುಳಿನ ಸುದ್ದಿ ಒಯ್ಯುವುದನ್ನೂ ನರ ಅಂತೀವಿ. ತಾತನ ಕೈ ಮೇಲೆ ಕಾಣುವುದು ಹೃದಯಕ್ಕೆ ವಾಪಸ್ ಹೋಗುವ ರಕ್ತನಾಳ, ಶಾಲೆಯ ಪುಸ್ತಕದ ಅಭಿಧಮನಿ. ಅದರೊಳಗೆ ಹಸಿರು ರಕ್ತವೂ ಇಲ್ಲ, ನೀಲಿಯೂ ಇಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಸಿರಿಂಜಿಗೆ ಬರುವುದು ಕಪ್ಪುಗೆಂಪು, ಬಂದದ್ದು ಆ ಹಸಿರು ನಾಳದಿಂದಲೇ. ಬೆಳಕಿನಲ್ಲಿರುವ ಕೆಂಪು ಅಂಶ ಚರ್ಮದೊಳಗೆ ಆಳಕ್ಕೆ ಇಳಿಯುತ್ತದೆ, ನಾಳದೊಳಗಿನ ರಕ್ತ ಅದನ್ನು ಹೀರಿಕೊಳ್ಳುತ್ತದೆ. ನೀಲಿ, ಹಸಿರು ಅಂಶ ಅಷ್ಟು ಆಳಕ್ಕೆ ಹೋಗದೆ ಚರ್ಮದಿಂದಲೇ ಹಿಂದಕ್ಕೆ ಚದುರುತ್ತದೆ. ಸುತ್ತಲಿನ ಚರ್ಮಕ್ಕೆ ಹೋಲಿಸಿದರೆ ಆ ಗೆರೆಯಲ್ಲಿ ಕೆಂಪು ಕಡಿಮೆ, ಹಾಗಾಗಿ ನಮ್ಮ ಕಣ್ಣಿಗೆ ಅದು ಹಸಿರೋ ನೀಲಿಯೋ ಆಗಿ ಕಾಣುತ್ತದೆ. ವಯಸ್ಸಾದವರ ಚರ್ಮ ತೆಳು, ಕೆಳಗೆ ಕೊಬ್ಬೂ ಕಡಿಮೆ, ಅದಕ್ಕೇ ತಾತನ ಕೈಯಲ್ಲಿ ಎದ್ದು ಕಾಣುತ್ತದೆ.

ಈ ನಾಳಗಳಲ್ಲಿ ಒತ್ತಡ ತುಂಬಾ ಕಡಿಮೆ. ಕಾಲಿನಿಂದ ರಕ್ತ ಮೇಲಕ್ಕೆ ಬರಲು ಮೀನಖಂಡದ ಸ್ನಾಯು ಹಿಂಡಬೇಕು, ಹಿಂಡಿದ್ದು ಕೆಳಗೆ ಜಾರದಂತೆ ಒಳಗೆ ಸಣ್ಣ ಸಣ್ಣ ಕವಾಟಗಳಿವೆ. ಮೈಸೂರಿನ ಮೃಗಾಲಯದಲ್ಲಿ ಜಿರಾಫೆ ನೀರು ಕುಡಿಯಲು ಕತ್ತು ಬಗ್ಗಿಸುವುದನ್ನು ಮಗಳಿಗೆ ತೋರಿಸಿ. ಹೃದಯಕ್ಕಿಂತ ಎರಡು ಮೀಟರ್ ಮೇಲಿರುವ ಮೆದುಳಿಗೆ ರಕ್ತ ತಳ್ಳಬೇಕಾದ್ದರಿಂದ ಅದರ ಬಿಪಿ ನಮ್ಮದರ ಸುಮಾರು ಎರಡು ಪಟ್ಟು. ಬಗ್ಗಿದಾಗ ರಕ್ತ ತಲೆಗೆ ವಾಪಸ್ ನುಗ್ಗದಂತೆ ಅದರ ಕತ್ತಿನ ನಾಳದಲ್ಲೂ ಕವಾಟ ಇವೆ, ಕಾಲಿಗೆ ಬಿಗಿಯಾದ ಕಾಲುಚೀಲದಂಥ ಚರ್ಮ ಇದೆ.

ನಮ್ಮ ಕೈಯ ಕವಾಟವನ್ನು ನೋಡಲು ಮೃಗಾಲಯ ಬೇಡ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ 1628ರಲ್ಲಿ ತೋರಿಸಿದ ರೀತಿ ಇದೆ. ಆಗಿನವರೆಗೆ ಯುರೋಪಿನ ವೈದ್ಯರು, ಊಟದಿಂದ ಯಕೃತ್ತಿನಲ್ಲಿ ರಕ್ತ ಹೊಸದಾಗಿ ಆಗುತ್ತದೆ, ಮೈ ಅದನ್ನು ಖರ್ಚು ಮಾಡುತ್ತದೆ ಅಂತ ನಂಬಿದ್ದರು. ಹಾರ್ವಿ ಲೆಕ್ಕ ಹಾಕಿದ: ಹೃದಯ ಅರ್ಧ ಗಂಟೆಯಲ್ಲಿ ತಳ್ಳುವ ರಕ್ತ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಜಾಸ್ತಿ. ಅಷ್ಟು ರಕ್ತ ಊಟದಿಂದ ಬರಲು ಸಾಧ್ಯವೇ ಇಲ್ಲ, ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು. ಹೋಗುವ ನಾಳ, ಬರುವ ನಾಳ ಎಲ್ಲಿ ಸೇರುತ್ತವೆ ಅನ್ನುವುದು ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಪುಪ್ಪುಸದಲ್ಲಿ ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ಮೈಕ್ರೋಸ್ಕೋಪಿನಲ್ಲಿ ಕಂಡ.

ತಾತನಿಗೆ ಕೈ ಕೆಳಗೆ ಬಿಟ್ಟು ಕೂರಲು ಹೇಳಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಬೇಡ, ನಿಮ್ಮ ಕೈಯಲ್ಲೇ ಮಾಡಿ. ಮೊಣಕೈ ಕೆಳಗೆ ನೆಟ್ಟಗಿರುವ ಒಂದು ನಾಳ ಹುಡುಕಿ. ನಡುನಡುವೆ ಸಣ್ಣ ಗಂಟಿನ ಹಾಗೆ ಕಂಡರೆ ಅದೇ ಕವಾಟದ ಜಾಗ. ಮಗಳು ಒಂದು ಬೆರಳಿನಿಂದ ಮಣಿಕಟ್ಟಿನ ಕಡೆ ನಾಳವನ್ನು ಒತ್ತಿ ಹಿಡಿಯಲಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಗಂಟು ದಾಟುವವರೆಗೆ, ಮೆತ್ತಗೆ ನೀವಿ ಬಿಟ್ಟುಬಿಡಲಿ. ಒತ್ತಿದ ಬೆರಳಿಗೂ ಗಂಟಿಗೂ ನಡುವೆ ಹಸಿರು ಗೆರೆ ಮಾಯ. ಮೇಲೆ ರಕ್ತ ತುಂಬಿದ್ದರೂ ಕೆಳಗೆ ಇಳಿಯುವುದಿಲ್ಲ, ಕವಾಟ ತಡೆದಿರುತ್ತದೆ. ಈಗ ಒತ್ತಿದ ಬೆರಳು ಎತ್ತಲಿ. ಮಣಿಕಟ್ಟಿನ ಕಡೆಯಿಂದ ಸರ್ರನೆ ತುಂಬಿಕೊಳ್ಳುತ್ತದೆ.

ಹಸುವನ್ನು ನೋಡಿದ ಡಾಕ್ಟರು ಏನಂದರು ಅಂತ ಮರೆಯದೆ ಬರೆದು ತಿಳಿಸಿ.